ರೞವೂ ಮುಕ್ತ ತಂತ್ರಾಂಶದ ಕೂಟಗಳೂ

ಹಳಗನ್ನಡದಲ್ಲಿ ‘ಬಾೞ್’ ಎಂದರೆ ಬದುಕು, ‘ಬಾಳ್’ ಎಂದರೆ ಕತ್ತಿ. ಇವೆರಡನ್ನು ಬೇರ್ಪಡಿಸುವುದು ‘ೞ’ ಎಂಬ ಒಂದೇ ಅಕ್ಷರ. ಇದನ್ನು ರೞವೆಂದು ಕರೆಯುವುದು ವೈಯಾಕರಣರ ರೂಢಿ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ರೞವುಳ್ಳ ಶಬ್ದಗಳನ್ನು ಪಟ್ಟಿಮಾಡಿಕೊಟ್ಟಿದ್ದಾನೆ, ಆ ವೇಳೆಗಾಗಲೇ ಅದು ಬಳಕೆಯಿಂದ ಜಾರುತ್ತಿತ್ತು. ಇಂಥ ಅಕ್ಷರಕ್ಕೆ ಗಣಕಲೋಕದಲ್ಲಿ ದೊರೆತ ಹೆಸರು ವಿಚಿತ್ರವಾದುದು. ಲೋಕದ ಲಿಪಿಗಳಿಗೆಲ್ಲ ಸಂಕೇತಸಂಖ್ಯೆ ನೀಡುವ ಯೂನಿಕೋಡ್‌ನಲ್ಲಿ ಅದು ‘ಕನ್ನಡ ಲೆಟರ್ ಫ’ ಎಂದು ದಾಖಲಾಗಿದೆ! ಒಮ್ಮೆ ಕೊಟ್ಟ ಹೆಸರನ್ನು ಬದಲಿಸಕೂಡದೆಂಬುದು ಅಲ್ಲಿಯ ನಿಯಮ. ಆದ್ದರಿಂದ ಸರಿಯಾದ ಪರ್ಯಾಯನಾಮವೊಂದನ್ನು ಪಕ್ಕದಲ್ಲಿ ಬರೆದಿಟ್ಟು ಸುಮ್ಮನಾಗಬೇಕಾಯಿತು.

ಮುಕ್ತ ತಂತ್ರಾಂಶದ ಸ್ವಭಾವ ಇದಕ್ಕೆ ವಿರುದ್ಧವಾದುದು. ಅದರ ಮೂಲಸಂಕೇತವನ್ನು ಯಾರು ಬೇಕಾದರೂ ಓದಬಹುದು, ನಕಲು ಮಾಡಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಬರೆಯಿಸಿ ದಾನಮಾಡಿದ ಅತ್ತಿಮಬ್ಬೆ ಇಲ್ಲಿ ನೆನಪಾಗುವುದು ಸಹಜವೇ; ಆದರೆ ಹೋಲಿಕೆ ಅರ್ಧದಾರಿಯವರೆಗೆ ಮಾತ್ರ. ಓಲೆಗರಿಯಲ್ಲಿ ಓದುಗನೊಬ್ಬ ಸ್ಖಾಲಿತ್ಯವನ್ನು ಕಂಡು ತಿದ್ದಿದರೆ ಆ ತಿದ್ದುಪಡಿ ಅದೊಂದೇ ಪ್ರತಿಯಲ್ಲಿ ಉಳಿಯುತ್ತಿತ್ತು. ಮಿಕ್ಕ 999ಕ್ಕೆ ಅದು ತಲಪುವ ದಾರಿಯಿರಲಿಲ್ಲ. ಗ್ರಂಥಸಂಪಾದಕರನ್ನು ಕಾಡುವ ಪಾಠಾಂತರಗಳಲ್ಲಿ ಎಷ್ಟೋ ಹುಟ್ಟಿದ್ದು ಹೀಗೆಯೇ. ಮುಕ್ತ ತಂತ್ರಾಂಶದಲ್ಲಿಯಾದರೋ ತಿದ್ದುಪಡಿ ಮೂಲಪ್ರತಿಗೆ ಹಿಂದಿರುಗುತ್ತದೆ. ಅದನ್ನು ನಿರ್ವಹಿಸುವವರು ಪರಿಶೀಲಿಸಿ ಒಪ್ಪಿದರೆ ಮುಂದಿನ ಆವೃತ್ತಿಯಲ್ಲಿ ಎಲ್ಲರಿಗೂ ದೊರೆಯುತ್ತದೆ.

ಈ ವ್ಯವಹಾರವೆಲ್ಲ ಅಂತರಜಾಲದಲ್ಲಿಯೇ ನಡೆಯಬಲ್ಲುದಾದರೆ ಎದುರುಬದುರು ಕೂರುವ ಅಗತ್ಯವೇನು? ಬೆಂಗಳೂರಿನಲ್ಲಿ ಈ ಪ್ರಶ್ನೆಗೆ ಎರಡು ದಶಕಗಳನ್ನು ಮೀರಿದ ಇತಿಹಾಸವಿದೆ. 2001ರಲ್ಲಿ ಲಿನಕ್ಸ್ ಬ್ಯಾಂಗಲೋರ್ ಎಂಬ ಹೆಸರಿನಿಂದ ಆರಂಭವಾದ ಸಮಾವೇಶ 2005ರಲ್ಲಿ ಫಾಸ್ ಡಾಟ್ ಇನ್ ಆಯಿತು. ಅದರ ಹಿಂದಿದ್ದ ಪ್ರಮುಖ ಚೇತನ, 2013ರಲ್ಲಿ ನಿಧನರಾದ ಅತುಲ್ ಚಿಟ್ನಿಸ್. 2008ರಲ್ಲಿ ಆ ಸಮಾವೇಶ ಜಯನಗರಕ್ಕೆ ಸಮೀಪದ, ಹೊಸೂರು ರಸ್ತೆಯ ನಿಮ್ಹಾನ್ಸ್ ಸಮ್ಮೇಳನ ಕೇಂದ್ರದಲ್ಲಿ ನೆರೆಯಿತು. ಭಾಷಣ ಕೇಳಿ ಎದ್ದುಹೋಗುವವರಿಗಿಂತ ಕುಳಿತು ಸಂಕೇತ ಬರೆಯುವವರು ಬೇಕೆಂಬ ಹಟದಿಂದ ‘ವರ್ಕೌಟ್’ ಎಂಬ ಕೂಟಗಳನ್ನು ಏರ್ಪಡಿಸಿದ್ದೂ ಆಗಲೇ. 2012ರ ಬಳಿಕ ಅದು ನಿಂತಿತು. ಈಚೆಗೆ ಫಾಸ್ ಯುನೈಟೆಡ್ ಸಂಸ್ಥೆ 2023, 2024ರ ಇಂಡಿಯಾಫಾಸ್ ಸಮಾವೇಶಗಳನ್ನು ನಡೆಸಿದ್ದು ಅದೇ ನಿಮ್ಹಾನ್ಸ್ ಕೇಂದ್ರದಲ್ಲಿ. (ಇಡೀ ರಾತ್ರಿ ಎಚ್ಚರವಿದ್ದು ಬಹುಮಾನಕ್ಕಾಗಿ ಸೆಣಸುವ ಹ್ಯಾಕಥಾನ್‌ಗಳ ಮಾತು ಬೇರೆ. ಅಲ್ಲಿ ಹುಟ್ಟಿದ್ದರಲ್ಲಿ ಬಹುಪಾಲು ಬಹುಮಾನ ವಿತರಣೆಯೊಂದಿಗೇ ಮುಗಿದುಹೋಗುತ್ತದೆ.)

ಎದುರು ಕೂರುವುದರ ಬೆಲೆ ಅಕ್ಷರಗಳ ವಿಷಯದಲ್ಲಿ ಚೆನ್ನಾಗಿ ತಿಳಿಯುತ್ತದೆ. ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶವು ಸಂಕೇತಸಂಖ್ಯೆಗಳ ಸಾಲನ್ನು ಕಾಗುಣಿತ, ಒತ್ತುಗಳೊಡನೆ ಅಕ್ಷರರೂಪವಾಗಿ ಜೋಡಿಸುತ್ತದೆ. ಆಂಡ್ರಾಯ್ಡ್ ಫೋನುಗಳೂ ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳೂ ನೆಚ್ಚಿರುವುದು ಇದನ್ನೇ. ‘ಸೂರ್ಯ’ದಲ್ಲಿ ಅರ್ಕಾವೊತ್ತು ಬರಬೇಕು, ‘ರ‍್ಯಾಂಕ್’ನಲ್ಲಿ ಬರಕೂಡದು. ಈ ವ್ಯತ್ಯಾಸವನ್ನು ಹೊತ್ತಿರುವುದು ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆ. ಕನ್ನಡ ಓದಲಾರದ ತಂತ್ರಜ್ಞನಿಗೆ ಇದನ್ನು ಪತ್ರಮುಖೇನ ವಿವರಿಸುವುದು ಪ್ರಯಾಸದ ಕೆಲಸ. ಒಂದೇ ಮೇಜಿನ ಬಳಿ ಕುಳಿತು ಕಾಗದದ ಮೇಲೆ ಎರಡನ್ನೂ ಬರೆದು ತೋರಿಸಿದರೆ ಐದು ನಿಮಿಷದ ಮಾತು. ಅಲ್ಲಿ ಒಪ್ಪಿತವಾದ ತಿದ್ದುಪಡಿ ತಿಂಗಳುಗಳಲ್ಲಿ ಹಳ್ಳಿಯ ಹುಡುಗಿಯ ಫೋನಿಗೂ ಬಂದು ಸೇರಬಲ್ಲುದು.

ಆದರೆ ಆ ಮೇಜಿನ ಬಳಿ ಹಳಗನ್ನಡ ಬಲ್ಲವರು ಕಾಣಸಿಗುವುದು ಅಪರೂಪ. ಸಂಕೇತ ಬರೆಯಲು ಬಾರದವರಿಗೆ ಅಲ್ಲೇನು ಕೆಲಸವೆಂಬ ಸಂಕೋಚವೇ ಇದಕ್ಕೆ ಕಾರಣವಿರಬೇಕು. ‘ನೆಗೞ್ತೆ’, ‘ಗೞ್ದೆ’ ಮುಂತಾದ ಶಬ್ದಗಳಲ್ಲಿ ರೞದ ಕೆಳಗೆ ಒತ್ತು ಕೂರಬೇಕು. ಅಕ್ಷರವಿನ್ಯಾಸದಲ್ಲಿ ಅದಕ್ಕೆ ಏರ್ಪಾಡಿಲ್ಲದಿದ್ದರೆ ಒತ್ತು ಕಳಚಿ ಪಕ್ಕದಲ್ಲಿ ಬಿಡಿಯಾಗಿ ನಿಲ್ಲುತ್ತದೆ. ಎಲ್ಲೆಲ್ಲಿ ಹೀಗಾಗುತ್ತದೆಂದು ಪರೀಕ್ಷಿಸಲು ತಂತ್ರಜ್ಞರಿಗೆ ಬೇಕಾದುದು ಶಬ್ದಗಳ ಒಂದು ಪಟ್ಟಿ. ಆರಂಭಕ್ಕೆ ಕೇಶಿರಾಜನದೇ ಆದೀತು; ಪ್ರತಿ ಶಬ್ದದ ಎದುರಿಗೆ ಒತ್ತಿನ ಸರಿಯಾದ ರೂಪವನ್ನು ಕೈಯಲ್ಲಿ ಬರೆದುಕೊಡಬೇಕಷ್ಟೆ.