ಕಾಕಾನ ರೀಲು

ಹಾಸ್ಟೆಲ್‌ನಲ್ಲಿ ‘ರೀಲ್’ ಅಂದ ಕೂಡಲೇ ಎಲ್ಲರ ಕೈ ಫೋನ್ ಕಡೆ ಹೋಗುತ್ತೆ. ನಾನು ಹೇಳ್ತಿರೋದು ಮೀನು ಹಿಡಿಯೋ ರೀಲು. ಅಂಗಡಿಯಲ್ಲಿ ಸ್ಪಿನ್ನಿಂಗ್ ರೀಲ್ ಅಂತ ಕೇಳಿದ್ರೆ ಕೊಡ್ತಾರೆ.

ನಮ್ಮೂರು ಅಳ್ನಾವರ. ಧಾರವಾಡ ಜಿಲ್ಲೆ ಅಂದ್ರೆ ಬರೀ ಎರೆಹೊಲ, ಜೋಳ, ಹತ್ತಿ ಅಂದುಕೊಂಡವರು ಒಮ್ಮೆ ನಮ್ಮ ಕಡೆ ಬರಬೇಕು. ಇಲ್ಲಿ ಮಲೆನಾಡಿನ ಸೆರಗು ಶುರುವಾಗುತ್ತೆ. ಭತ್ತದ ಗದ್ದೆ, ಕಾಡು, ಹುಲಿಕೇರಿಯ ದೊಡ್ಡ ಕೆರೆ, ದಾಂಡೇಲಿ ಕಡೆ ಹೋದ್ರೆ ಕಾಳಿ ನದಿ. ಹೀಗಾಗಿ ಗಾಳ ಹಾಕೋರು ಓಣಿಗೊಬ್ಬರಾದ್ರೂ ಸಿಗ್ತಾರೆ. ನಮ್ಮ ಓಣಿಯಲ್ಲಿ ಅದು ನಮ್ಮ ಕಾಕಾ.

ಕಾಕಾ ಮೊದಲು ಹಿಡೀತಿದ್ದದ್ದು ಖಾಲಿ ಬಾಟ್ಲಿಗೆ ಸುತ್ತಿದ ನೈಲಾನ್ ದಾರದಲ್ಲಿ. ನಾನು ಪಿಯುಸಿ ಓದುವಾಗ ಕಟ್ಟಿಗೆ ಕೊಯ್ಯೋ ಮಷೀನಿಗೆ ಅವರ ಎಡಗೈ ಸಿಕ್ಕಿತು. ಎರಡು ಬೆರಳು ಹೋದವು, ಮೂರನೇದು ಮಡಚೋದಿಲ್ಲ. ಬಾಟ್ಲಿ ದಾರ ಎಳೆಯೋಕೆ ಎರಡೂ ಕೈ ಗಟ್ಟಿ ಬೇಕು. ಒಂದೂವರೆ ವರ್ಷ ಅವರು ಕೆರೆ ಕಡೆ ತಲೆ ಹಾಕಲಿಲ್ಲ. ಮನೆಯಲ್ಲಿ ಯಾರೂ ಆ ಮಾತು ತೆಗೀತಿರಲಿಲ್ಲ. ಆಮೇಲೆ ಗೋವಾದಲ್ಲಿ ಕೆಲಸಕ್ಕಿರೋ ನಮ್ಮ ಅತ್ತೆ ಮಗ ಒಂದು ರಾಡು, ಒಂದು ರೀಲು ತಂದುಕೊಟ್ಟ. ಇದರಲ್ಲಿ ಭಾರ ಹೊರೋದು ರಾಡ್ ಹಿಡಿದ ಬಲಗೈ. ಎಡಗೈ ಹ್ಯಾಂಡಲ್ ತಿರುಗಿಸಿದ್ರೆ ಸಾಕು, ಹೆಬ್ಬೆರಳು ಮತ್ತೊಂದು ಬೆರಳು ಇದ್ರೆ ಆಗುತ್ತೆ. (ಎಡಚರಿದ್ರೆ ಹ್ಯಾಂಡಲ್ ಬಿಚ್ಚಿ ಆ ಕಡೆ ಹಾಕಬಹುದು.) ಕಾಕಾ ಮತ್ತೆ ಕೆರೆಗೆ ಹೊರಟರು.

ನಮ್ಮೂರಲ್ಲಿ ಮಿಕ್ಸರ್, ಪಂಪ್‌ಸೆಟ್ ಎಲ್ಲಾ ರಿಪೇರಿ ಆಗುತ್ತೆ. ರೀಲ್ ರಿಪೇರಿ ಮಾಡೋರು ಮಾತ್ರ ಇಲ್ಲ. ಇದ್ದದ್ದೊಂದು ಬಾಳಿಕೆ ಬರಲೇಬೇಕು. ಅದಕ್ಕೇ ನಾನು ಅದರ ಒಳಗೆ ಏನಾಗುತ್ತೆ ಅಂತ ತಲೆ ಕೆಡಿಸಿಕೊಂಡಿದ್ದು. ನಿಜ ಹೇಳಬೇಕಂದ್ರೆ ಗೇರ್ ರೇಶಿಯೋ ನನಗೆ ಕ್ಲಾಸಿಗಿಂತ ಇದರಲ್ಲೇ ಚೆನ್ನಾಗಿ ಅರ್ಥ ಆಯ್ತು.

ಈ ರೀಲಲ್ಲಿ ದಾರದ ಸ್ಪೂಲು ತಿರುಗೋದಿಲ್ಲ. ಅದರ ಸುತ್ತ ರೋಟರ್ ತಿರುಗಿ ದಾರ ಸುತ್ತುತ್ತೆ. ರೋಟರ್ ಮೇಲೆ ತಂತಿಯ ಕಮಾನು ಇದೆ, ಅದಕ್ಕೆ ಬೇಲ್ ಅಂತಾರೆ. ಕಾಕಾ ಅದನ್ನ ‘ಬಕೀಟ್ ಹಿಡಿಕಿ’ ಅಂತಾರೆ. ಡಿಕ್ಷನರಿ ತೆಗೆದು ನೋಡಿದೆ, ಇಂಗ್ಲಿಷಿನಲ್ಲೂ ಆ ಪದಕ್ಕೆ ಬಕೆಟ್ ಹಿಡಿಕೆ ಅಂತಲೇ ಅರ್ಥ! ಹೀಗೆ ಸ್ಪೂಲನ್ನ ನಿಲ್ಲಿಸಿಟ್ಟ ರೀಲಿಗೆ 1905ರಲ್ಲಿ ಪೇಟೆಂಟ್ ತಗೊಂಡವನು ಇಂಗ್ಲೆಂಡಿನ ಆಲ್ಫ್ರೆಡ್ ಇಲ್ಲಿಂಗ್‌ವರ್ತ್. ಬ್ರಾಡ್‌ಫರ್ಡಿನ ಉಣ್ಣೆ ಗಿರಣಿಯವನು. ಗಿರಣಿಯಲ್ಲಿ ನೂಲು ಕಂಡಿಕೆಯ ತುದಿಯಿಂದ ಸರಸರ ಬಿಚ್ಚಿಕೊಂಡು ಬರುತ್ತಲ್ಲ, ಅದೇ ತತ್ವ. ನಮ್ಮ ಗರಗದ ಖಾದಿ ನೂಲುವವರಿಗೆ ತೋರಿಸಿದ್ರೆ ಒಂದೇ ನಿಮಿಷದಲ್ಲಿ ತಿಳ್ಕೋತಾರೆ.

ಆದ್ರೆ ತುದಿಯಿಂದ ಬಿಚ್ಚಿದ ದಾರಕ್ಕೆ ಸುತ್ತಿಗೊಂದು ಹುರಿ ಬೀಳುತ್ತೆ. ಹೊಲದಲ್ಲಿ ಪೈಪಿನ ಸುರುಳಿಯನ್ನ ಉರುಳಿಸದೆ ಹಾಗೇ ಎಳೆದು ನೋಡಿ, ಗೊತ್ತಾಗುತ್ತೆ. ವಾಪಸ್ ಸುತ್ತುವಾಗ ರೋಟರ್ ಅಷ್ಟೇ ಹುರಿಯನ್ನ ಉಲ್ಟಾ ಹಾಕುತ್ತೆ, ಲೆಕ್ಕ ಚುಕ್ತಾ. ಈ ಲೆಕ್ಕ ತಪ್ಪಿದಾಗಲೇ ದಾರ ಗುಂಗುರು ಕೂದಲಿನ ಹಾಗೆ ಗಂಟಾಗೋದು.

ಲೆಕ್ಕ ಹೆಚ್ಚಾಗಿ ತಪ್ಪೋದು ಮೀನು ಸಿಕ್ಕ ಖುಷಿಯಲ್ಲಿ. ದೊಡ್ಡ ಕಾಟ್ಲಾ ಜಗ್ಗಿದಾಗ ದಾರ ಹರಿಯಬಾರದು ಅಂತ ಡ್ರ್ಯಾಗ್ ಜಾರುತ್ತೆ, ಕಿರ್ರ್ ಅಂತ ಸ್ಪೂಲು ತಿರುಗಿ ದಾರ ಬಿಡುತ್ತೆ. ಆಗಲೂ ಹ್ಯಾಂಡಲ್ ತಿರುಗಿಸ್ತಾ ಇದ್ರೆ ದಾರ ಒಂದಿಂಚೂ ಒಳಗೆ ಬರೋದಿಲ್ಲ, ಹುರಿ ಮಾತ್ರ ಬೀಳುತ್ತೆ. ಗೇರ್ ರೇಶಿಯೋ 5.2:1 ಇದ್ರೆ ಹ್ಯಾಂಡಲಿನ ಒಂದು ಸುತ್ತಿಗೆ 5.2 ಹುರಿ. ಇಪ್ಪತ್ತು ಸುತ್ತಿಗೆ 104! ಡ್ರ್ಯಾಗ್ ಸದ್ದು ಕೇಳಿದ್ರೆ ಕೈ ನಿಲ್ಲಿಸಿ. ಮೀನು ನಿಂತ ಮೇಲೆ ರಾಡ್ ನಿಧಾನ ಮೇಲೆತ್ತಿ, ಕೆಳಗಿಳಿಸ್ತಾ ದಾರ ಸುತ್ತಿ. ಕಾಕಾ ಹೇಳೋದು ಹೀಗೆ: “ಅದು ಓಡಾಕತ್ತೈತಿ ಅಂದ್ರ ಓಡ್ಲಿ ಬಿಡಲೇ ತಮ್ಮಾ. ದಣದ್ ಮ್ಯಾಲ ತಾನ ಬರ್ತೈತಿ.”

ಡ್ರ್ಯಾಗ್ ಎಷ್ಟು ಬಿಗಿ ಇರಬೇಕು ಅನ್ನೋದನ್ನ ಮನೆಯಲ್ಲೇ ನೋಡ್ಕೋಬೇಕು, ಮೀನು ಸಿಕ್ಕಾಗ ಅಲ್ಲ. ದಾರದ ತುದಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೀರಿ. 4 ಕೆಜಿ ತಡೆಯೋ ದಾರ ಆದ್ರೆ 1 ಕೆಜಿ, ಹೆಚ್ಚಂದ್ರೆ 1.3ಕ್ಕೆ ಜಾರಬೇಕು.

ಇನ್ನು ಬೇಲ್. ಗಾಳ ಎಸೆದ ಮೇಲೆ ಹ್ಯಾಂಡಲ್ ತಿರುಗಿಸಿದ್ರೆ ಅದು ತಾನೇ ಟಕ್ ಅಂತ ಮುಚ್ಚುತ್ತೆ. ನನ್ನ ಗೆಳೆಯರೆಲ್ಲ ಹಾಗೇ ಮಾಡೋದು. ಆದ್ರೆ ಆ ಹೊತ್ತಿಗೆ ದಾರ ಸಡಿಲ ಇರುತ್ತೆ. ಸಡಿಲ ಸುತ್ತು ಒಳಗೆ ಸೇರಿ, ಮುಂದಿನ ಸಲ ಎಸೆದಾಗ ಹತ್ತು ಸುತ್ತು ಒಟ್ಟಿಗೆ ಹಾರಿ ಗಂಟು. ಕಾಕಾಗೆ ಹ್ಯಾಂಡಲ್ ಹುಡುಕಿ ಹಿಡಿಯೋಕೆ ಒಂದೆರಡು ಸೆಕೆಂಡ್ ಬೇಕು. ಅದಕ್ಕೆ ಅವರು ಮೊದಲು ಅಂಗೈ ಅಂಚಿನಿಂದ ಬೇಲ್ ತಳ್ಳಿ ಮುಚ್ಚಿ, ದಾರಾನ ಒಮ್ಮೆ ಜಗ್ಗಿ ಬಿಗಿ ಮಾಡ್ಕೊಂಡು, ಆಮೇಲೆ ಹ್ಯಾಂಡಲ್‌ಗೆ ಕೈ ಹಾಕ್ತಾರೆ. ತಿಳಿದವರು ಎಲ್ಲರಿಗೂ ಹೇಳಿಕೊಡೋದು ಇದನ್ನೇ. ಐದೂ ಬೆರಳು ಇರೋರು ದಂಡೆಯಲ್ಲಿ ಕೂತು ಗಂಟು ಬಿಡಿಸ್ತಿರ್ತಾರೆ, ಕಾಕಾ ಎರಡನೇ ಸಲ ಗಾಳ ಎಸೆದಿರ್ತಾರೆ.

ಸಣ್ಣಪುಟ್ಟವೂ ಇವೆ. ಸ್ಪೂಲಿನ ಅಂಚಿನ ತನಕ ದಾರ ತುಂಬಬೇಡಿ, ಎರಡು ಮೂರು ಮಿಲಿಮೀಟರ್ ಕೆಳಗೇ ನಿಲ್ಲಿಸಿ. ಹುರಿ ಬಿದ್ದೇ ಬಿಟ್ರೆ ಗಾಳ, ಭಾರ ಎಲ್ಲಾ ಬಿಚ್ಚಿ ಬರೀ ದಾರವನ್ನ ಹರಿಯೋ ನೀರಿಗೆ ಉದ್ದಕ್ಕೆ ಬಿಡಿ, ತಾನೇ ಬಿಚ್ಕೊಳ್ಳುತ್ತೆ. ಮರಳಲ್ಲಿ ರೀಲ್ ಇಡಬೇಡಿ. ಜೋರು ನಲ್ಲಿ ಹಿಡಿದು ತೊಳೆದ್ರೆ ಧೂಳು ಒಳಗೇ ಹೋಗುತ್ತೆ, ಒದ್ದೆ ಬಟ್ಟೆ ಸಾಕು. ಬೇಲ್ ತುದಿಯಲ್ಲಿ ದಾರ ಹಾಯೋ ಪುಟ್ಟ ರೋಲರ್ ಇದೆ. ಅದು ಸಿಕ್ಕಿಕೊಂಡ್ರೆ ದಾರ ಸವೆಯುತ್ತೆ, ಅದಕ್ಕೊಂದು ಹನಿ ಹೊಲಿಗೆ ಮಷೀನಿನ ಎಣ್ಣೆ. ಕೊಬ್ಬರಿ ಎಣ್ಣೆ ಚಳಿಗಾಲದಲ್ಲಿ ಗಟ್ಟಿಯಾಗುತ್ತೆ ಅಂತ ಅಜ್ಜಿಗೆ ಹೇಳಿ ಹೇಳಿ ಸಾಕಾಗಿದೆ. ಮನೆಗೆ ಬಂದ ಮೇಲೆ ಡ್ರ್ಯಾಗ್ ಸಡಿಲ ಮಾಡಿಡಬೇಕು, ಇಲ್ಲಾಂದ್ರೆ ಒಳಗಿನ ವಾಷರ್ ಒತ್ತಿ ಚಪ್ಪಟೆಯಾಗುತ್ತೆ.

ಹೋಗೋ ಮುಂಚೆ ಕೆರೆಯ ಮೀನು ಗುತ್ತಿಗೆ ಹಿಡಿದವರನ್ನ ಕೇಳಿ. ದಾಂಡೇಲಿಯ ಕಾಳಿಯಲ್ಲಿ ಮೊಸಳೆ ಇವೆ, ಅಲ್ಲಿ ಸೆಲ್ಫಿಗೆ ನೀರಿನಂಚಿಗೆ ಇಳೀಬೇಡಿ. ಹಳೇ ದಾರ ದಂಡೆಯಲ್ಲಿ ಬಿಸಾಕಬೇಡಿ. ಒಮ್ಮೆ ಬೆಳ್ಳಕ್ಕಿಯ ಎರಡೂ ಕಾಲಿಗೆ ನೈಲಾನ್ ಸುತ್ತಿತ್ತು. ಕಾಕಾ ಬಲಗೈಲಿ ಅದರ ರೆಕ್ಕೆ ಹಿಡಿದರು, ನಾನು ದಾರ ಕತ್ತರಿಸಿದೆ. ಅವತ್ತಿನಿಂದ ಅವರ ಜೇಬಲ್ಲಿ ಒಂದು ಖಾಲಿ ಗುಟ್ಕಾ ಡಬ್ಬಿ ಇರುತ್ತೆ, ತುಂಡು ದಾರ ಎಲ್ಲಾ ಅದಕ್ಕೇ.

ಮೊನ್ನೆ ಇಂಟರ್ನಲ್ಸ್ ಹಿಂದಿನ ರಾತ್ರಿ ಕಾಕಾ ಫೋನ್ ಮಾಡಿದ್ರು. ಪರೀಕ್ಷೆ ಬಗ್ಗೆ ಒಂದು ಮಾತಿಲ್ಲ. “ಡ್ರ್ಯಾಗ್ ಸಡ್ಲ ಮಾಡಿ ಇಟ್ಟೇನಿ. ಆ ಹ್ಯಾಂಡಲ್ ಯಾಕೋ ಕುರ್‌ಕುರ್ ಅನ್ನಾಕತ್ತೈತಿ. ಶನಿವಾರ ಬರ್ತಿ ಇಲ್ಲೋ?”

ಗ್ರೀಸ್ ತಗೊಂಡು ಹೋಗ್ತಿದ್ದೀನಿ.