ಏಲ್ಸ್‌ಬರಿಯ ಚಂದಾ ಪಟ್ಟಿ

2001ರಲ್ಲಿ ನಾನು ಇಂಗ್ಲೆಂಡಿನಲ್ಲಿದ್ದೆ. 2000ನೇ ಇಸವಿ ಹುಟ್ಟಿದೊಡನೆ ಕಂಪ್ಯೂಟರುಗಳು ಕೆಡುತ್ತವೆಂಬ ವೈಟುಕೆ ಗುಲ್ಲು ಮುಗಿದು ವರ್ಷವಾಗಿತ್ತು. ಅದರ ಹೆಸರಲ್ಲಿ ವಿಮಾನ ಹತ್ತಿದ್ದ ನಮ್ಮಂಥವರು ಮಾತ್ರ ಜಾತ್ರೆ ಮುಗಿದ ಮೇಲೂ ಉಳಿದ ಬತ್ತಾಸಿನ ಅಂಗಡಿಗಳ ಹಾಗೆ ಅಲ್ಲಲ್ಲಿ ಉಳಿದುಕೊಂಡಿದ್ದೆವು. ನಾನಿದ್ದದ್ದು ಲಂಡನ್ನಿನಿಂದ ರೈಲಿನಲ್ಲಿ ತಾಸು ದೂರದ ಏಲ್ಸ್‌ಬರಿಯಲ್ಲಿ. ಮನೆ ಯಜಮಾನ ನಿವೃತ್ತ ಅಂಚೆಯವ, ಒಂಟಿ ಜೀವ. ಮಹಡಿಯ ಒಂದು ಕೋಣೆ ನನಗೆ ಬಾಡಿಗೆಗೆ ಕೊಟ್ಟಿದ್ದ. ಊಟವಾದ ಮೇಲೆ ಕೆಳಗಿನ ಗ್ಯಾಸಿನ ಅಗ್ಗಿಷ್ಟಿಕೆ ಮುಂದೆ ಇಬ್ಬರೂ ಕೂರುತ್ತಿದ್ದೆವು. ಅವನು ಬೆಂಕಿ ನೋಡುತ್ತಿದ್ದ, ನಾನು ಗಡಿಯಾರ ನೋಡುತ್ತಿದ್ದೆ.

ಆ ಚಳಿಗಾಲದ ಒಂದು ರಾತ್ರಿ ಮಾತು ಸಂಗೀತದ ಕಡೆ ತಿರುಗಿತು. ಒಂದು ಸಿಡಿಗೆ ದುಡ್ಡು ಕಟ್ಟಿದ್ದೇನೆ, ಬರಬೇಕು, ಕಾಯುತ್ತಿದ್ದೇನೆ ಎಂದ. ಹಾಡುಗಳು ಹೇಗಿವೆ ಎಂದು ಕೇಳಿದೆ.

"ಯಾರಿಗೆ ಗೊತ್ತು? ನಾನು ದುಡ್ಡು ಕಳಿಸಿದಾಗ ಅವು ಹುಟ್ಟಿಯೇ ಇರಲಿಲ್ಲ."

ಯಾರೋ ಈ ಮುದುಕನಿಗೆ ಟೋಪಿ ಹಾಕಿದ್ದಾರೆ ಅಂದುಕೊಂಡೆ. ಮೃದುವಾಗಿಯೇ ಹಾಗೆಂದೂ ಬಿಟ್ಟೆ. ಅವನಿಗೆ ಸಿಟ್ಟು ಬರಲಿಲ್ಲ. ಎದ್ದು ಚಹಾ ಮಾಡಿ ತಂದು, ಮೊದಲಿನಿಂದ ಹೇಳತೊಡಗಿದ.

ಮರಿಲಿಯನ್ ಅಂತ ಒಂದು ರಾಕ್ ಬ್ಯಾಂಡು. ಅದೇ ಊರಿನ ಕ್ಲಬ್ಬುಗಳಲ್ಲಿ ನುಡಿಸಿ ಬೆಳೆದವರು. 1985ರಲ್ಲಿ ಅವರ 'ಕೇಲೀ' ಎಂಬ ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಏರಿತ್ತು. ಆಮೇಲೆ ಫಿಶ್ ಎಂಬ ಗಾಯಕ ಬಿಟ್ಟುಹೋದ, ಸ್ಟೀವ್ ಹೊಗಾರ್ಥ್ ಬಂದ, ಫ್ಯಾಷನ್ ಬದಲಾಯಿತು. 1995ರ ಹೊತ್ತಿಗೆ ಇಎಂಐ ಕಂಪನಿಯೂ ಇವರ ಕೈ ಬಿಟ್ಟಿತು.

1997ರಲ್ಲಿ ಕೀಬೋರ್ಡಿನ ಮಾರ್ಕ್ ಕೆಲ್ಲಿ ಇಂಟರ್‌ನೆಟ್ಟಿನಲ್ಲಿ ಅಭಿಮಾನಿಗಳಿಗೆ ಇದ್ದದ್ದು ಇದ್ದ ಹಾಗೆ ಹೇಳಿದ: ನಾವು ಅಮೆರಿಕಕ್ಕೆ ಬರಲಾರೆವು, ಬಂದರೆ ಸುಮಾರು 60,000 ಡಾಲರ್ ಕೈ ಬಿಡುತ್ತದೆ. ಅಷ್ಟೇ ತಾನೇ ಎಂದವರೇ ಅಲ್ಲಿನ ಅಭಿಮಾನಿಗಳು ತಾವಾಗಿ ಬ್ಯಾಂಕಿನಲ್ಲಿ ಒಂದು ಖಾತೆ ತೆರೆದರು. ಹತ್ತು, ಇಪ್ಪತ್ತು, ಐವತ್ತು ಎನ್ನುತ್ತ ಹಾಕಿದರು. ಮೊತ್ತ ತುಂಬಿತು, ಬ್ಯಾಂಡು ವಿಮಾನ ಹತ್ತಿತು. ತಮಾಷೆಯೆಂದರೆ ದುಡ್ಡು ಕೊಟ್ಟವರೇ ಮತ್ತೆ ಟಿಕೆಟ್ಟೂ ಕೊಂಡು ಒಳಗೆ ಹೋದರು.

"ಆಗ ನೀನೂ ಕೊಟ್ಟೆಯಾ?"

"ಇಲ್ಲ. ಅದು ಅಮೆರಿಕದವರ ಮನೆ ಮದುವೆ. ಹೊಟ್ಟೆಕಿಚ್ಚು ಮಾತ್ರ ಪಟ್ಟೆ."

ನಾನು ನಕ್ಕೆ. ಆಮೇಲೆ ನಮ್ಮ ಕಡೆಯ ಕುರುಕ್ಷೇತ್ರದ ವಿಷಯ ತೆಗೆದೆ. ನಾಗಮಂಗಲದ ಸುತ್ತಮುತ್ತ ಪೌರಾಣಿಕ ನಾಟಕವೆಂದರೆ ಆಡುವವನೇ ದುಡ್ಡು ಕಟ್ಟಬೇಕು, ದುರ್ಯೋಧನನಿಗೆ ಜಾಸ್ತಿ, ಸಣ್ಣ ಪಾತ್ರಕ್ಕೆ ಕಮ್ಮಿ. ನಮ್ಮ ಸೋದರಮಾವ ಕರ್ಣನ ಪಾತ್ರಕ್ಕೆಂದು ಕರೆಯುವ ಎಮ್ಮೆ ಮಾರಿ ಅತ್ತೆಯ ಕೈಲಿ ಆರು ತಿಂಗಳು ಮಾತು ಬಿಡಿಸಿಕೊಂಡಿದ್ದ. ಯುದ್ಧ ನಡುವಿನಲ್ಲಿರುವಾಗ ಹಾರ್ಮೋನಿಯಂ ತಟಕ್ಕನೆ ನಿಲ್ಲುತ್ತದೆ. ಮೈಕಿನಲ್ಲಿ, ಇಂಥವರ ಮಗ ಇಂಥವರಿಂದ ಕರ್ಣನ ಪಾತ್ರಧಾರಿಗೆ ಹನ್ನೊಂದು ರೂಪಾಯಿ ಎಂದು ಕೂಗುತ್ತಾರೆ. ಅರ್ಜುನ ಅಲ್ಲಿಯವರೆಗೆ ಬಾಣ ಹಿಡಿದು ಕಾಯುತ್ತಾನೆ.

ಯಜಮಾನ ಬಹಳ ಹೊತ್ತು ಯೋಚಿಸಿ, "ಅಂದರೆ ನಿಮ್ಮ ಮಾವ ಸಾಯುವುದಕ್ಕೆ ಎಮ್ಮೆ ಮಾರಿದ" ಎಂದ.

ಇನ್ನು ಸಿಡಿಯ ವಿಷಯ. ರೆಕಾರ್ಡ್ ಕಂಪನಿಯ ಲೆಕ್ಕ ನಮ್ಮ ಸಾಹುಕಾರನ ಲೆಕ್ಕಕ್ಕಿಂತ ಬೇರೆಯಲ್ಲ. ಬಿತ್ತನೆಗೆ ಮುಂಗಡ ಕೊಡುತ್ತಾನೆ, ಬೆಳೆ ಬಂದಾಗ ಮೊದಲು ತನ್ನ ಸಾಲ ಹಿಡಿದುಕೊಳ್ಳುತ್ತಾನೆ. ಇಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ: ಸಾಲ ತೀರಿದ ಮೇಲೂ ಹೊಲ, ಅಂದರೆ ಧ್ವನಿಮುದ್ರಣದ ಹಕ್ಕು, ಸಾಮಾನ್ಯವಾಗಿ ಸಾಹುಕಾರನ ಹೆಸರಲ್ಲೇ ಉಳಿಯುತ್ತದೆ. ಅಮೆರಿಕದ ಪ್ರಸಂಗ ಕಂಡ ಬ್ಯಾಂಡಿನವರು, ಇನ್ನೊಬ್ಬ ಸಾಹುಕಾರನ ಮನೆ ಬಾಗಿಲಿಗೆ ಯಾಕೆ ಹೋಗಬೇಕು ಎಂದು 2000ದಲ್ಲಿ ತಮ್ಮ ಬಳಿಯಿದ್ದ ಅಭಿಮಾನಿಗಳ ವಿಳಾಸಗಳಿಗೆ ಇಮೇಲ್ ಹಾಕಿ ಕೇಳಿದರು: ಇನ್ನೂ ಮಾಡದ ಆಲ್ಬಮ್ಮಿಗೆ ಈಗಲೇ ದುಡ್ಡು ಕೊಡುತ್ತೀರಾ? 12,000ಕ್ಕೂ ಹೆಚ್ಚು ಜನ ಕೊಟ್ಟರು. ನಮ್ಮ ಯಜಮಾನನಿಗೆ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಊರಿನ ಲೈಬ್ರರಿಗೆ ಹೋಗಿ, ಅಲ್ಲಿಯ ಹುಡುಗಿಯ ಸಹಾಯದಿಂದ ಕಾರ್ಡಿನ ನಂಬರು ಒಂದೊಂದೇ ಅಂಕಿಯಾಗಿ ಒತ್ತಿ ಬಂದಿದ್ದ. ಜೀವಮಾನವೆಲ್ಲ ಕಾಗದ ಹಂಚಿದವನು ಕಳಿಸಿದ ಮೊದಲ ಇಂಟರ್‌ನೆಟ್ ಮನಿಯಾರ್ಡರ್ ಅದು.

ಇದೇ ಲೆಕ್ಕ ಮುಂದೆ ಕಿಕ್‌ಸ್ಟಾರ್ಟರ್, ಪೇಟ್ರಿಯಾನ್ ಎಂದೆಲ್ಲ ದೊಡ್ಡ ವ್ಯಾಪಾರವಾಯಿತು. ನಮ್ಮಲ್ಲೂ ಪವನ್ ಕುಮಾರ್ ಜನರಿಂದ ದುಡ್ಡು ಸೇರಿಸಿ 2013ರಲ್ಲಿ 'ಲೂಸಿಯಾ' ತೆರೆಗೆ ತಂದಾಗ, ಇದೇನೋ ಹೊಸ ಪವಾಡ ಎಂಬಂತೆ ಎಲ್ಲರೂ ಮಾತಾಡಿದರು. ನನಗೆ ನೆನಪಾದದ್ದು ಲೈಬ್ರರಿಯಲ್ಲಿ ತೋರುಬೆರಳಿನಿಂದ ಅಂಕಿ ಒತ್ತುವ ಮುದುಕ. ಅವನ ಹಿಂದೆ ಧಾರವಾಡದ ಮನೋಹರ ಗ್ರಂಥಮಾಲೆ. 1933ರಲ್ಲಿ ಜಿ.ಬಿ. ಜೋಶಿಯವರು ಶುರುಮಾಡಿದ್ದ ಅದಕ್ಕೆ ಚಂದಾದಾರರು, ಪುಸ್ತಕ ಕೈಗೆ ಬರುವ ಮೊದಲೇ ಹಣ ಕಟ್ಟುತ್ತಿದ್ದರು. ಇಂಟರ್‌ನೆಟ್ ತಂದದ್ದು ವೇಗ. ಉಳಿದದ್ದೆಲ್ಲ ನಮ್ಮ ಅಟ್ಟದ ಮೇಲೇ ಇತ್ತು.

ಏಲ್ಸ್‌ಬರಿಯ ಮನೆಗೆ 2001ರ ಮೇ ತಿಂಗಳಲ್ಲಿ ಲಕೋಟೆ ಬಂತು. ಆಲ್ಬಮ್ಮಿನ ಹೆಸರು 'ಅನೊರಾಕ್‌ನೋಫೋಬಿಯಾ'. ಅನೊರಾಕ್ ಅಂದರೆ ಟೊಪ್ಪಿಗೆಯಿರುವ ಮಳೆ ಕೋಟು. ಅದನ್ನು ತೊಟ್ಟು ರೈಲು ನಿಲ್ದಾಣದಲ್ಲಿ ಎಂಜಿನ್ನಿನ ನಂಬರು ಬರೆದುಕೊಳ್ಳುತ್ತ ನಿಲ್ಲುವ ಹುಚ್ಚರಿಗೂ ಇಂಗ್ಲಿಷರು ಅದೇ ಹೆಸರು ಕೊಟ್ಟಿದ್ದಾರೆ. ತಮ್ಮ ಅಭಿಮಾನಿಗಳನ್ನು ಜನ ಹಾಗೆ ಗೇಲಿ ಮಾಡುತ್ತಾರೆಂದು ಗೊತ್ತಿದ್ದೂ ಅದನ್ನೇ ರಕ್ಷೆಯ ಮೇಲೆ ಹಾಕಿದ್ದರು. ವಿತರಣೆಗೆ ಮುಂದೆ ಬಂದದ್ದು ಯಾರು ಗೊತ್ತೆ? ಆರು ವರ್ಷದ ಹಿಂದೆ ಕೈಬಿಟ್ಟಿದ್ದ ಅದೇ ಇಎಂಐ! ಹೊಲ ಈ ಸಲ ಬ್ಯಾಂಡಿನ ಹೆಸರಲ್ಲೇ ಇತ್ತು.

ಒಳಗಿನ ಪುಸ್ತಿಕೆಯಲ್ಲಿ ಮುಂಗಡ ಕೊಟ್ಟವರ ಹೆಸರುಗಳಿದ್ದವು. ಸಾಸಿವೆ ಚೆಲ್ಲಿದ ಹಾಗೆ ಸಣ್ಣ ಸಣ್ಣ ಅಕ್ಷರ. ಯಜಮಾನ ಭೂತಗನ್ನಡಿ ತಂದ. ಸಿಡಿ ಹಾಡುತ್ತಿತ್ತು, ಅವನಿಗೆ ಅದರ ಕಡೆ ಗಮನವಿಲ್ಲ. ನಮ್ಮಮ್ಮ ಮದುವೆ ಮನೆಯ ಮುಯ್ಯಿ ಪುಸ್ತಕದ ಮೇಲೆ ಹೀಗೇ ಬಗ್ಗಿರುತ್ತಿದ್ದಳು, ಯಾರು ಎಷ್ಟು ಹಾಕಿದರು ಎಂದು ಬೆರಳಿಟ್ಟು ನೋಡುತ್ತ. ಕಡೆಗೆ ಅವನ ಹೆಸರು ಸಿಕ್ಕಿತು. ಒಂದಲ್ಲ, ಎರಡು ಸಲ! ಆ ದೇಶದಲ್ಲಿ ನಮ್ಮ ರಾಮಣ್ಣ, ಕೃಷ್ಣಪ್ಪ ಇದ್ದ ಹಾಗೆ ಅಷ್ಟು ಸಾಮಾನ್ಯವಾದ ಹೆಸರು.

"ಎರಡರಲ್ಲಿ ನೀನು ಯಾವುದು?" ಎಂದೆ.

ಅವನು ಪೆನ್ಸಿಲ್ ತಂದು ಕೆಳಗಿನದಕ್ಕೆ ಗುರುತು ಹಾಕಿದ. ಸ್ವಲ್ಪ ಹೊತ್ತು ನೋಡಿದ, ರಬ್ಬರಿನಿಂದ ಅಳಿಸಿ ಮೇಲಿನದಕ್ಕೆ ಹಾಕಿದ. ಅಷ್ಟರಲ್ಲಿ ಸಿಡಿ ಮುಗಿದಿತ್ತು.

"ಹೇಗಿತ್ತು?"

"ಎರಡು ಹಾಡು ನನಗೆ ಹಿಡಿಸಲಿಲ್ಲ."

ಹೇಳಿದ್ದು ಮಾತ್ರ ಎಷ್ಟು ಗತ್ತಿನಿಂದ! ಅಂಗಡಿಯಲ್ಲಿ ಕೊಂಡ ಸಿಡಿಯನ್ನು ಹಾಗೆ ಬೈಯುವುದಿಲ್ಲ, ಮನೆಯ ಮಗನನ್ನು ಬೈಯುತ್ತೇವೆ. ಆಮೇಲೆ ಎದ್ದು ಅಗ್ಗಿಷ್ಟಿಕೆ ಕೊಂಚ ಏರಿಸಿದ, ಆ ಎರಡರಲ್ಲೊಂದನ್ನು ಹುಡುಕಿ ಮತ್ತೆ ಹಾಕಿದ.

"ಇದಕ್ಕೂ ದುಡ್ಡು ಕೊಟ್ಟಿದ್ದೀನಲ್ಲ," ಎಂದ, "ಇನ್ನೊಂದು ಸಲ ಕೇಳೋಣ ಇರು."