ಚಕ್ರದ ಮನೆಯಲ್ಲಿ ಲಕ್ಕುಂಡಿಗೆ

ಎರಡು ವರ್ಷಗಳಿಂದ ನನ್ನಾಕೆ ಅಮರಗೋಳ ಬಿಟ್ಟು ಹೊರಗೆ ಹೋಗಿರಲಿಲ್ಲ. ಮೊಣಕಾಲು ನೋವು ಒಂದು ಕಾರಣ. ಇನ್ನೊಂದು ವಯಸ್ಸಾದವರಿಗಷ್ಟೇ ತಿಳಿಯುವಂಥದ್ದು: ದಾರಿಯಲ್ಲಿ ಶೌಚಾಲಯ ಸಿಗುತ್ತದೋ ಇಲ್ಲವೋ ಎಂಬ ಚಿಂತೆ. “ನೀವು ಹೋಗಿ ಬರ್ರಿ, ನಾ ಮನಿ ಕಾಯ್ತೀನಿ” ಎಂಬುದು ಅವಳ ಕಾಯಂ ಉತ್ತರ. ರಜೆಗೆ ಬಂದ ಮಗ ಅದಕ್ಕೊಂದು ಮದ್ದು ತಂದಿದ್ದ. ಬಾಡಿಗೆಯ ಕ್ಯಾರವಾನ್! ಒಳಗೆ ಮಂಚ, ಪುಟ್ಟ ಒಲೆ, ಮೂಲೆಯಲ್ಲಿ ಶೌಚಾಲಯ. ಅವಳು ಮೊದಲು ನೋಡಿದ್ದೇ ಆ ಮೂಲೆಯನ್ನು. ನೋಡಿದವಳೇ ಬುತ್ತಿ ಕಟ್ಟಲು ಒಳಗೆ ಹೋದಳು.

ಮಕ್ಕಳೇ, ಚಕ್ರದ ಮನೆ ನಮ್ಮ ಕಡೆ ಹೊಸದೇನಲ್ಲ. ಸವದತ್ತಿ ಯಲ್ಲಮ್ಮನ ಜಾತ್ರೆಗೆ ನಿಮ್ಮ ಅಜ್ಜ-ಅಜ್ಜಿಯರು ಕಮಾನು ಕಟ್ಟಿದ ಬಂಡಿಯಲ್ಲಿ ಹೋಗಿರಬಹುದು, ಕೇಳಿ ನೋಡಿ. ರೊಟ್ಟಿ, ಶೇಂಗಾ ಚಟ್ನಿ, ಹಾಸಿಗೆ ಎಲ್ಲ ಬಂಡಿಯಲ್ಲೇ. ಎತ್ತು ದಣಿದಲ್ಲಿ ಎಲ್ಲರೂ ಇಳಿಯಬೇಕು.

ನಾವು ಮೊದಲು ಇಳಿದದ್ದು ಅಣ್ಣಿಗೇರಿಯಲ್ಲಿ. ಆದಿಕವಿ ಪಂಪನ ಊರೆಂದು ಹೆಸರಾದ ಊರು. ಅಮೃತೇಶ್ವರ ಗುಡಿಯಲ್ಲಿ 76 ಕಂಬಗಳಿವೆಯೆಂದು ಓದಿಕೊಂಡು ಬಂದ ಮೊಮ್ಮಗಳು ಎಣಿಸಲು ಹೊರಟು ಎರಡು ಸಲ ಲೆಕ್ಕ ತಪ್ಪಿದಳು. ನಾಲ್ಕು ಗೀಟು ಎಳೆದು ಐದನೆಯದನ್ನು ಅಡ್ಡ ಹಾಕುವ ನಮ್ಮ ಹಳೆಯ ಕ್ಯಾಷ್ ಕೌಂಟರಿನ ಪದ್ಧತಿ ಹೇಳಿಕೊಟ್ಟೆ. ಮೂರನೆಯ ಸಲ ಅವಳಿಗೆ ಬೇಸರ ಬಂತು, ಹಸಿವೆಯೂ ಆಗಿತ್ತು.

ಗದಗಿನ ವೀರನಾರಾಯಣ ಗುಡಿಯಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ನಮ್ಮ ಹುಬ್ಬಳ್ಳಿ ತಾಲ್ಲೂಕಿನ ಕೋಳಿವಾಡದ ಕುಮಾರವ್ಯಾಸ ಭಾರತ ಬರೆದದ್ದು ಇಲ್ಲಿಯ ಕಂಬವೊಂದರ ಬಳಿ ಕುಳಿತು, ಉಟ್ಟ ಒದ್ದೆ ಬಟ್ಟೆ ಆರುವವರೆಗೆ ಮಾತ್ರ ಬರೆಯುತ್ತಿದ್ದ ಎಂದು ಕಥೆ. “ಮಳೆಗಾಲದಾಗ ಬಾಳ ಬರ್ದಿರ್ತಾನ” ಎಂದಳು ನನ್ನಾಕೆ.

ಆಮೇಲೆ ನನ್ನ ಹಟಕ್ಕೆ ಕಣಗಿನಹಾಳ. ಸಹಕಾರಿ ಸಂಘ ನೋಡಲು ಯಾರಾದರೂ ಪ್ರವಾಸ ಹೋಗುತ್ತಾರೆಯೇ ಎಂದು ಎಲ್ಲರೂ ಗೊಣಗಿದರು. 1904ರಲ್ಲಿ ಕಾನೂನು ಬಂತು. ಮರುವರ್ಷವೇ, 1905ರಲ್ಲಿ, ಈ ಹಳ್ಳಿಯ ಸಿದ್ದನಗೌಡ ಪಾಟೀಲರು ರೈತರನ್ನು ಕೂಡಿಸಿ ಪತ್ತಿನ ಸಂಘ ಕಟ್ಟಿದರು. ಸಾಹುಕಾರನ ಬಡ್ಡಿಗೆ ಸಿಕ್ಕದೆ, ತಮ್ಮತಮ್ಮಲ್ಲೇ ಹಣ ಕೂಡಿಸಿ ಸಾಲ ಕೊಟ್ಟುಕೊಳ್ಳುವ ಉಪಾಯ. ಬ್ಯಾಂಕಿನಲ್ಲಿ ತಲೆ ಹಣ್ಣಾದವನಿಗೆ ಇದೂ ಒಂದು ಗುಡಿಯೇ.

ಲಕ್ಕುಂಡಿ ತಲುಪುವಾಗ ಮಧ್ಯಾಹ್ನ ಇಳಿದಿತ್ತು. ನನ್ನಾಕೆ ಮಂಚದ ಮೇಲೆ ಒಂದು ನಿದ್ದೆ ಮುಗಿಸಿದ್ದಳು. ಮೆಲ್ಲಗೆ ನಡೆಸಿಕೊಂಡು ಬ್ರಹ್ಮಜಿನಾಲಯಕ್ಕೆ ಹೋದೆವು. ದಾನಚಿಂತಾಮಣಿ ಅತ್ತಿಮಬ್ಬೆ ಸಾವಿರ ವರ್ಷದ ಹಿಂದೆ ಕಟ್ಟಿಸಿದ ಬಸದಿ. ನಾಲ್ಕು ಮುಖದ ಬ್ರಹ್ಮನ ಮೂರ್ತಿಯ ಸುತ್ತ ಮೊಮ್ಮಗಳು ಸುತ್ತಿದಳು, ನಾಲ್ಕನೆಯ ಮುಖ ಹುಡುಕಿಕೊಂಡು. ನನಗೆ ಮಾತ್ರ ಅತ್ತಿಮಬ್ಬೆಯ ಇನ್ನೊಂದು ಕೆಲಸವೇ ದೊಡ್ಡದಾಗಿ ಕಂಡಿತು. ಪೊನ್ನ ಕವಿಯ ಶಾಂತಿಪುರಾಣಕ್ಕೆ ಆಕೆ ಸಾವಿರ ಪ್ರತಿ ಮಾಡಿಸಿ ಹಂಚಿದಳಂತೆ. ಮುದ್ರಣವಿಲ್ಲ, ಕಾಗದವೂ ಇಲ್ಲ. ತಾಳೆಗರಿ, ಕಂಠ, ಮನುಷ್ಯನ ಕೈ. ಕಂಪ್ಯೂಟರ್ ಬರುವ ಮೊದಲು ಲೆಜರನ್ನು ಕೈಯಾರೆ ಬರೆದವನು ನಾನು. ಒಂದು ಪುಟ ಪ್ರತಿ ಮಾಡಿದರೆ ಬೆರಳು ಏನಾಗುತ್ತದೆಂದು ಬಲ್ಲೆ. ಸಾವಿರ ಪುಸ್ತಕ! ಆ ಲಿಪಿಕಾರರ ಹೆಸರು ಯಾವ ಕಲ್ಲಿನ ಮೇಲಿದೆಯೋ.

ಕೊನೆಗೆ ಮುಸುಕಿನ ಬಾವಿ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ, ಗೋಡೆಯಲ್ಲಿ ಪುಟ್ಟ ಪುಟ್ಟ ಗುಡಿಗಳಿರುವ ಬಾವಿ. “ಇಲ್ಲೇ ಕುಂದರ್ತೀನಿ” ಎಂದು ನನ್ನಾಕೆ ಮೇಲೆಯೇ ಕುಳಿತಳು. ಮೊಮ್ಮಗಳು ಅಪ್ಪನ ಕೈ ಹಿಡಿದು ಕೆಳಗಿಳಿದು, ಕಂಡದ್ದನ್ನೆಲ್ಲ ಅಲ್ಲಿಂದಲೇ ಕೂಗಿ ಹೇಳತೊಡಗಿದಳು. ಗುಡಿ ಐತಿ ಅಜ್ಜೀ, ಇನ್ನೊಂದೈತಿ, ನೀರು ಹಸರಗೈತಿ. ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಆಮೇಲೆ, “ಒದರಬ್ಯಾಡ, ನಾನೇ ಬರ್ತೀನಿ” ಎಂದು ನನ್ನ ಹೆಗಲು ಹಿಡಿದಳು.

ಮೂರು ಮೆಟ್ಟಿಲು ಇಳಿದಳು. ನಾಲ್ಕನೆಯದರ ಮೇಲೆ ಕಾಲಿಟ್ಟು, ಮುಖ ಕಿವುಚಿ, ಅಲ್ಲೇ ಕುಳಿತಳು. ಡಂಬಳದ ದೊಡ್ಡಬಸಪ್ಪನ ಗುಡಿ ಬಾಕಿಯಿದೆ, ಕತ್ತಲಾಗುತ್ತದೆ ಎಂದು ಮಗ ಅವಸರ ಮಾಡಿದ.

“ಡಂಬಳ ಇನ್ನೊಮ್ಮಿ ನೋಡೋಣಂತ” ಎಂದಳು, ಕಾಲು ನೀವಿಕೊಳ್ಳುತ್ತಾ. “ಈ ಗಾಡಿ ಮತ್ತ ಯಾವಾಗ ಸಿಗ್ತೈತಿ, ಕೇಳಿಡು.”